ಪಿಕಪ್ಪೋ, ಜೀಪೋ? ಘಟ್ಟದ ಮೇಲೆ ಒಂದು ಲೆಕ್ಕ, ಕೆಳಗೆ ಇನ್ನೊಂದು

ಕಾರವಾರದ ಗೆಳೆಯನ ಫೋನು ಬಂದಿದ್ದು ಆರಿದ್ರಾ ಮಳೆ ಹಿಡಿದ ವಾರ. "ಗಾಡಿ ತಗೊಳ್ಬೇಕು ಅಂತಿದ್ದೀನಿ ಮಾರಾಯಾ. ಪಿಕಪ್ ತಗೊಳ್ಳೋದಾ, ಫೋರ್ ಬೈ ಫೋರ್ ಜೀಪ್ ತಗೊಳ್ಳೋದಾ, ನೀನೇ ಹೇಳು" ಅಂದ. ನಾನು ಶಿರಸಿ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ ಇಟ್ಟುಕೊಂಡವ. ಹನ್ನೊಂದು ವರ್ಷ ಒಂದು ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ಓಡಿಸಿದ್ದೇನೆ. ಅದನ್ನು ಮಾರಿದ ಮೇಲೆ ಇದೇ ಪ್ರಶ್ನೆ ಹಿಡಿದು ಆರು ತಿಂಗಳು ಒದ್ದಾಡಿದ್ದೇನೆ. ಹಾಗಾಗಿ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. "ಜೀಪ್ ತಗೋ" ಅಂದುಬಿಟ್ಟೆ. ಫೋನಿಟ್ಟ ಮೇಲೆ ಅನ್ನಿಸಿತು, ನಾನು ಹೇಳಿದ್ದು ಘಟ್ಟದ ಮೇಲಿನ ಉತ್ತರ. ಅವನಿರುವುದು ಘಟ್ಟದ ಕೆಳಗೆ, ಬೈತಖೋಲ್ ಬಂದರಿನಿಂದ ಹೋಟೆಲುಗಳಿಗೆ ಮೀನು ಕೊಡುವ ವ್ಯವಹಾರ.

ಮತ್ತೆ ಫೋನು ಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಒಂದು ಗೊಂದಲ ತೆಗೆಯೋಣ. ನಮ್ಮ ಕಡೆ ಪಿಕಪ್ ಅಂದರೆ ಎರಡು ಬೇರೆ ಬೇರೆ ಜಾತಿ. ಒಂದು, ಬೊಲೆರೊ ಪಿಕಪ್, ಟಾಟಾ ಯೋಧಾ ಥರದ ಸರಕು ಗಾಡಿ. ಹಳದಿ ಬೋರ್ಡು, ಹತ್ತು ಲಕ್ಷದ ಆಸುಪಾಸು. ಇನ್ನೊಂದು, ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೋಟಾ ಹಿಲಕ್ಸ್ ಥರದ್ದು. ಐದು ಜನ ಕಾರಿನ ಹಾಗೆ ಕೂತು, ಹಿಂದೆ ತೆರೆದ ತೊಟ್ಟಿ ಎಳೆದುಕೊಂಡು ಹೋಗುವ ಗಾಡಿ. ಇಪ್ಪತ್ತೈದರಿಂದ ಮೂವತ್ತೈದು ಲಕ್ಷ. ನಡುವೆ ಬೊಲೆರೊ ಕ್ಯಾಂಪರ್ ಅಂತ ಒಂದು ಡಬಲ್ ಕ್ಯಾಬ್ ಇದೆ, ಮಲೆನಾಡಿನ ಗುತ್ತಿಗೆದಾರರ ಮನೆದೇವರು. ಆ ಕಡೆ "ಜೀಪ್" ಅಂದರೆ ನಮ್ಮ ಬಾಯಲ್ಲಿ ಥಾರ್, ಜಿಮ್ನಿ, ಗೂರ್ಖಾ, ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವ ವ್ಯವಸ್ಥೆ) ಇರುವ ಸ್ಕಾರ್ಪಿಯೋ-ಎನ್ ಎಲ್ಲವೂ ಬಂತು. ಯಾವ ಪಿಕಪ್ಪನ್ನು ಯಾವ ಜೀಪಿಗೆ ಹೋಲಿಸುತ್ತಿದ್ದೀರಿ ಎನ್ನುವುದು ಗೊತ್ತಿಲ್ಲದೆ ಮಾತಾಡಿದರೆ ಎಮ್ಮೆಗೂ ಎತ್ತಿಗೂ ಜೋಡಿ ಕಟ್ಟಿದ ಹಾಗೆ.

ಮನೆ ದಾರಿ ಅಳೆಯಿರಿ

ಶೋರೂಮಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಮನೆ ದಾರಿಗೆ ಇಳಿಯಿರಿ. ತಮಾಷೆ ಅಲ್ಲ. ಹಿಲಕ್ಸ್ ಉದ್ದ 5325 ಮಿ.ಮೀ. ಅಂದರೆ ಹದಿನೇಳೂವರೆ ಅಡಿ. ವಿ-ಕ್ರಾಸ್ ಕೂಡ ಹೆಚ್ಚುಕಡಿಮೆ ಅಷ್ಟೇ. ಥಾರ್ ಮೂರು ಬಾಗಿಲಿನದ್ದು ಮತ್ತು ಜಿಮ್ನಿ ಎರಡೂ 3985 ಮಿ.ಮೀ., ಹದಿಮೂರು ಅಡಿಯ ಲೆಕ್ಕ. ನಾಲ್ಕೂವರೆ ಅಡಿ ವ್ಯತ್ಯಾಸ. ಹುಬ್ಬಳ್ಳಿ ರಸ್ತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೇರಿಗಳಲ್ಲಿ ಇದೇ ಎಲ್ಲ.

ನಮ್ಮ ಮನೆಗೆ ಬರಬೇಕಾದರೆ ಡಾಂಬರು ರಸ್ತೆ ಬಿಟ್ಟು ಒಂದು ಫರ್ಲಾಂಗು ಮಣ್ಣಿನ ಇಳಿಜಾರು ಇಳಿಯಬೇಕು. ಎಡಕ್ಕೆ ಅಗಳ (ಕಂದಕ), ಬಲಕ್ಕೆ ಚಿರೇಕಲ್ಲಿನ ಕಂಪೌಂಡು. ಕೊನೆಗೆ ಕೊಟ್ಟಿಗೆ ಮುಂದೆ ಒಂದು ತಿರುವು. ಜಿಮ್ನಿಗೆ ತಿರುಗಲು ಬೇಕಾಗುವುದು 5.7 ಮೀಟರ್ ತ್ರಿಜ್ಯ. ದೊಡ್ಡ ಪಿಕಪ್‌ಗಳಿಗೆ ಆರು ಮೀಟರ್ ದಾಟುತ್ತದೆ. ಕಾಗದದಲ್ಲಿ ಅರ್ಧ ಮೀಟರಿನ ವ್ಯತ್ಯಾಸ, ಕೊಟ್ಟಿಗೆ ಮುಂದೆ ಮೂರು ಸಲ ರಿವರ್ಸ್. ಒಂದು ಶೋರೂಮಿನವರು ದೊಡ್ಡ ಪಿಕಪ್ಪನ್ನು ಟೆಸ್ಟ್ ಡ್ರೈವಿಗೆ ಮನೆತನಕ ತಂದಿದ್ದರು. ತಂದ ಹುಡುಗ ಇಳಿದ ಮೇಲೆ ತಿರುಗಿಸಲಾಗದೆ, ಅಷ್ಟೂ ಏರನ್ನು ಹಿಮ್ಮುಖವಾಗಿಯೇ ಹತ್ತಿಸಿದ. ನಮ್ಮಮ್ಮ ಜಗುಲಿಯಲ್ಲಿ ಕೂತು ನೋಡಿ, "ಇದು ಬ್ಯಾಡ" ಅಂದರು. ನನ್ನ ಆರು ತಿಂಗಳ ಸಂಶೋಧನೆಯಲ್ಲಿ ಅರ್ಧ ಅಲ್ಲಿಗೇ ಮುಗಿಯಿತು.

ಉದ್ದದ ಜೊತೆ ಹೊಟ್ಟೆಯನ್ನೂ ನೋಡಬೇಕು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಜಾಸ್ತಿ ಇದ್ದರೆ, ದಿಬ್ಬದ ನೆತ್ತಿ ದಾಟುವಾಗ ಗಾಡಿಯ ಹೊಟ್ಟೆ ಮಣ್ಣಿಗೆ ಕೂರುತ್ತದೆ. ಹಿಲಕ್ಸ್‌ನಲ್ಲಿ ಆ ಅಂತರ 3085 ಮಿ.ಮೀ., ಥಾರ್‌ನಲ್ಲಿ 2450. ನೆಲದಿಂದ ಎತ್ತರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಈ ಅಂತರವನ್ನು ಯಾರೂ ಕೇಳುವುದಿಲ್ಲ. ಹಾಗೇ ಹಿಂದಿನ ಚಕ್ರದ ಆಚೆಗೆ ಪಿಕಪ್ಪಿನ ಬಾಲ ಉದ್ದ. ಹಳ್ಳ ಇಳಿದು ಆಚೆ ದಡ ಹತ್ತುವಾಗ ಮೊದಲು ಬಡಿಯುವುದು ಆ ಬಾಲವೇ. ಜಿಮ್ನಿಯ ಹಿಂಬದಿ ಕೋನ, ಅಂದರೆ ಬಾಲ ತಾಗದೆ ದಾಟಬಹುದಾದ ದಡದ ಕಡಿದು, 50 ಡಿಗ್ರಿ. ಅದಕ್ಕೆ ಬಾಲವೇ ಇಲ್ಲ ಅನ್ನಬೇಕು.

ಕಾರವಾರದ ಗೆಳೆಯನಿಗೆ ಈ ಭಾಗ ಓದಿ ಹೇಳಿದರೆ ನಕ್ಕ. ಅವನ ಮನೆ ಗೇಟಿನಿಂದ ಹೆದ್ದಾರಿ 66ಕ್ಕೆ ಇನ್ನೂರು ಮೀಟರ್, ಅದೂ ಸಿಮೆಂಟ್ ರಸ್ತೆ.

ಹೊರೆ ಅಂದರೆ ಎಷ್ಟು ದಿನ?

ಪಿಕಪ್ ಬೇಕು ಅನ್ನುವವರೆಲ್ಲ ಹೇಳುವ ಕಾರಣ ಒಂದೇ, "ಲೋಡ್ ಹಾಕ್ಬಹುದು." ಸರಿ, ವರ್ಷದಲ್ಲಿ ಎಷ್ಟು ದಿನ? ನಾನು ಗೊಬ್ಬರದ ಲೆಕ್ಕ ಬರೆಯುವ ಡೈರಿಯಲ್ಲೇ ಒಂದು ವರ್ಷ ಇದನ್ನೂ ಬರೆದಿಟ್ಟೆ. ಗಾಡಿ ಮನೆಯಿಂದ ಹೊರಟ ದಿನ 212. ಅದರಲ್ಲಿ ತೊಟ್ಟಿ ನಿಜವಾಗಿ ಬೇಕಾಗಿದ್ದು 31 ದಿನ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಚೀಲ ಪೇಟೆಗೆ ಒಯ್ದದ್ದು, ಗೊಬ್ಬರ ತಂದದ್ದು, ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ತಂದದ್ದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಡ್ರಮ್ಮು ಪಂಪು ಹೊತ್ತದ್ದು, ಒಂದು ಸಲ ಕರು. ಉಳಿದ 181 ದಿನ ನಾನು ಖಾಲಿ ತೊಟ್ಟಿಯನ್ನು ಊರೂರು ಮೆರವಣಿಗೆ ಮಾಡಿಸಿದ್ದೇನೆ. ಡೈರಿ ನೋಡುವವರೆಗೆ ನನಗೇ ಇದು ಗೊತ್ತಿರಲಿಲ್ಲ. ಕೇಳಿದ್ದರೆ "ದಿನಾ ಲೋಡ್ ಇರ್ತದೆ" ಅಂತಲೇ ಹೇಳುತ್ತಿದ್ದೆ.

ನಮ್ಮೂರಲ್ಲಿ ಒಂದು ಪಿಕಪ್ ಬಾಡಿಗೆಗೆ ಕರೆದರೆ ಪೇಟೆಗೆ ಸಾವಿರ, ದೂರ ಇದ್ದರೆ ಸಾವಿರದೈನೂರು ಕೊಡುತ್ತೇನೆ. 31 ಸಲ ಸಾವಿರದೈನೂರು ಅಂತ ಹಿಡಿದರೂ 46,500 ರೂಪಾಯಿ. ಜಿಮ್ನಿಗೂ ಹಿಲಕ್ಸ್‌ಗೂ ನಡುವಿನ ಬೆಲೆ ಅಂತರ ಹದಿನೈದು ಲಕ್ಷ ಅಂತಿಟ್ಟುಕೊಳ್ಳಿ. ಆ ದುಡ್ಡನ್ನು ಏಳು ಪರ್ಸೆಂಟಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 1,05,000 ಬಡ್ಡಿ. ಬಡ್ಡಿಯಲ್ಲೇ ಬಾಡಿಗೆ ಕೊಟ್ಟು ಇನ್ನೂ ಉಳಿಯುತ್ತದೆ. ಇದನ್ನು ನಮ್ಮೂರ ಬಾಡಿಗೆ ಪಿಕಪ್ಪಿನವನಿಗೆ ಹೇಳಿದಾಗ ಅವನು ತುಂಬಾ ಖುಷಿಪಟ್ಟ.

ಗೆಳೆಯನ ಲೆಕ್ಕ ಪೂರ್ತಿ ತಿರುವುಮುರುವು. ಮೀನುಗಾರಿಕೆ ರಜೆಯ ಎರಡು ತಿಂಗಳು ಬಿಟ್ಟರೆ ಅವನಿಗೆ ಹೆಚ್ಚುಕಡಿಮೆ ದಿನವೂ ಹೊರೆ. ಮೀನಿನ ಕ್ರೇಟು, ಐಸು, ಥರ್ಮೋಕೋಲ್ ಡಬ್ಬ. ಅವನು ಬಾಡಿಗೆ ಕರೆದರೆ ಬಾಡಿಗೆಯವನೇ ಬಂಗಲೆ ಕಟ್ಟಿಯಾನು.

ಇನ್ನೊಂದು ಮಾತು, ಇದನ್ನು ಯಾವ ಸೇಲ್ಸ್‌ನವರೂ ತಾವಾಗಿ ಹೇಳುವುದಿಲ್ಲ. ದುಬಾರಿ ಪಿಕಪ್ ಎಂದರೆ ಜಾಸ್ತಿ ಹೊರುತ್ತದೆ ಎಂದಲ್ಲ. ನೋಡಲು ಕೋಣದ ಹಾಗಿರುತ್ತದೆ. ಆದರೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಒಟ್ಟು ತೂಕ, ಖಾಲಿ ತೂಕ ಎರಡೂ ಬರೆದಿರುತ್ತದೆ. ಒಂದರಿಂದ ಒಂದು ಕಳೆದು ನೋಡಿ. ಹಾಗೆ ಉಳಿದದ್ದರಲ್ಲಿ ಒಳಗೆ ಕೂತ ಜನರ ತೂಕವೂ ಸೇರುತ್ತದೆ. ತಲಾ ಎಪ್ಪತ್ತು ಕೆಜಿಯ ಐದು ಜನ ಕೂತರೆ 350 ಕೆಜಿ ಅಲ್ಲೇ ಹೋಯಿತು. ಹತ್ತು ಲಕ್ಷದ ಹಳದಿ ಬೋರ್ಡಿನ ಪಿಕಪ್ ಒಂದು ಟನ್ನಿಗಿಂತ ಜಾಸ್ತಿಯನ್ನು ಕಾನೂನಿನ ಒಳಗೇ ಹೊರುತ್ತದೆ. ಯೋಧಾ 2.0 ಎರಡು ಟನ್ನಿನದ್ದು. ಮೂವತ್ತು ಲಕ್ಷದ ಗಾಡಿಗೆ ಅದರ ಹತ್ತಿರವೂ ಬರಲಾಗುವುದಿಲ್ಲ. ಅದರ ತೊಟ್ಟಿ ಸುಮಾರು ಐದು ಅಡಿ ಉದ್ದ, ಎರಡೂ ಬದಿಯಲ್ಲಿ ಚಕ್ರದ ಗೂಡು ಒಳಗೆ ಉಬ್ಬಿರುತ್ತದೆ. ನೆಲದಿಂದ ಎತ್ತರವೂ ಜಾಸ್ತಿ. ಐವತ್ತು ಕೆಜಿ ಚೀಲವನ್ನು ಎದೆಮಟ್ಟಕ್ಕೆ ಎತ್ತಿ ಹಾಕುವವರು ಈಗ ಎಲ್ಲಿ ಸಿಗುತ್ತಾರೆ? ಇಪ್ಪತ್ತಡಿಯ ಪಿವಿಸಿ ಪೈಪು ಮತ್ತು ಅಡಿಕೆ ಕೊಯ್ಯುವ ದೋಟಿ ಎರಡೂ ಯಾವ ಗಾಡಿಯಲ್ಲೂ ಹೊರಗೇ ಇಣುಕುತ್ತವೆ. ಆ ವಿಷಯದಲ್ಲಿ ಎಲ್ಲರೂ ಸಮಾನರು.

ಮತ್ತೆ ಮಳೆ. ತೊಟ್ಟಿಗೆ ಮಾಡು ಇಲ್ಲ. ಚಾಲಿ ಚೀಲ ನೆನೆದರೆ ಬೂಷ್ಟು ಹಿಡಿಯಿತು ಅಂತಲೇ ಲೆಕ್ಕ, ಬಣ್ಣ ಹೋದರೆ ಅಡಿಕೆ ಮಾರುಕಟ್ಟೆಯ ಟೆಂಡರಿನಲ್ಲಿ ದರವೂ ಹೋಯಿತು. ತಾಡಪಾಲು ಕಟ್ಟಿ, ಹಗ್ಗ ಬಿಗಿದು, ಪೇಟೆ ತಲುಪಿ ಬಿಚ್ಚುವಷ್ಟರಲ್ಲಿ ಅರ್ಧ ಗಂಟೆ. ಫೈಬರ್ ಮಾಡು ಹಾಕಿಸಬಹುದು. ಹಾಕಿಸಿದ ಮೇಲೆ ಅದು ಎತ್ತರದ ಸಾಮಾನು ಹಿಡಿಯುವುದಿಲ್ಲ, ಆಗ ಜೀಪೂ ಅದೂ ಒಂದೇ ಆಯಿತಲ್ಲ! ಇನ್ನೊಂದು ಬದಿಯನ್ನೂ ಹೇಳಬೇಕು. ಕೊಳೆ ಔಷಧಿಯ ಡ್ರಮ್ಮು, ಸಗಣಿ ಗೊಬ್ಬರ, ಹಿಂಡಿ ಇವನ್ನು ಜೀಪಿನ ಒಳಗೆ ಹಾಕಿದರೆ ಒಂದು ತಿಂಗಳು ಮಕ್ಕಳು ಹತ್ತುವುದಿಲ್ಲ. ಕೊಳೆ ಔಷಧಿಗೆ ಹಾಕುವ ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ನನ್ನ ಹಳೇ ಗಾಡಿಯ ತೊಟ್ಟಿ ಹಾಗೇ ಹೋಯಿತು. ತಪ್ಪು ಗಾಡಿಯದ್ದಲ್ಲ, ಹೊಡೆದ ದಿನ ಸಂಜೆ ತೊಳೆಯದ ನನ್ನದು. ಹಾಗಾಗಿ ಡ್ರಮ್ಮಿನ ದಿನಕ್ಕೆ ಈಗ ಬಾಡಿಗೆ ಗಾಡಿಯೇ.

ಜಿಮ್ನಿಯಲ್ಲಿ ಹಿಂದೆ ಜಾಗ 208 ಲೀಟರ್. ಹಿಂದಿನ ಸೀಟು ಮಡಚದಿದ್ದರೆ ವಾರದ ಸಂತೆ ಚೀಲಗಳಿಗೂ ಜಗಳ. ಮೂರು ಬಾಗಿಲಿನ ಥಾರ್‌ನಲ್ಲಿ ಅದೂ ಇಲ್ಲ. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಸರಿಸಿ ನುಸುಳಬೇಕು, ಎಪ್ಪತ್ತು ದಾಟಿದ ಅಮ್ಮನಿಗೆ ಅದು ಸಾಧ್ಯವಿಲ್ಲದ ಮಾತು. 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್ ಈ ಎರಡೂ ತೊಂದರೆ ಕಳೆಯಿತು. ಬದಲಿಗೆ ಉದ್ದ 4428 ಮಿ.ಮೀ. ಆಯಿತು. ನಮ್ಮ ಕೊಟ್ಟಿಗೆ ತಿರುವಿಗೆ ಅದು ಗಡಿ.

ಕೆಸರು ಮತ್ತು ಖಾಲಿ ಬೆನ್ನು

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪಿಕಪ್ಪಿನ ಹಿಂದಿನ ಪಟ್ಟಿ ಸ್ಪ್ರಿಂಗು ಹೊರೆಗಾಗಿ ಮಾಡಿದ್ದು. ಹೊರೆ ಹಾಕಿದಾಗ ಗಾಡಿ ಶಾಂತವಾಗಿ ಕೂರುತ್ತದೆ. ಖಾಲಿ ಇದ್ದಾಗ ಹಿಂದುಗಡೆ ಕುಣಿಯುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ತೂಕದ್ದು. ಇಂಜಿನ್, ಕ್ಯಾಬಿನ್ ಎಲ್ಲ ಮುಂದೆ. ಹಿಂದೆ ಬರೀ ತಗಡಿನ ತೊಟ್ಟಿ. ಆದರೆ ಎರಡೇ ಚಕ್ರ ಎಳೆಯುವ ಪಿಕಪ್‌ನಲ್ಲಿ ಎಳೆಯುವುದು ಹಿಂದಿನ ಚಕ್ರ. ಅಂದರೆ ಭಾರ ಒಂದು ಕಡೆ, ದುಡಿಯುವುದು ಇನ್ನೊಂದು ಕಡೆ. ಒಣ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಪುಷ್ಯ ಮಳೆಯಲ್ಲಿ ಪಾಚಿ ಹಿಡಿದ ಕೆಂಪು ಮಣ್ಣಿನ ಏರಿನಲ್ಲಿ ಗೊತ್ತಾಗುತ್ತದೆ. ಒಂದು ಸಂಜೆ ಖಾಲಿ ಪಿಕಪ್ ಏರಿಸುತ್ತಿದ್ದೆ. ಚಕ್ರ ಸುಮ್ನೆ ತಿರುಗಿತು, ಗಾಡಿ ಮುಂದೆ ಹೋಗಲಿಲ್ಲ. ಬ್ರೇಕ್ ಒತ್ತಿದೆ, ಅದೇ ತಪ್ಪು. ನಾಲ್ಕೂ ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಮೆಲ್ಲಗೆ, ಮಾತಾಡುತ್ತಾ ಹೋದ ಹಾಗೆ ಹಿಂದಕ್ಕೆ ಜಾರಿ ಅಗಳದಲ್ಲಿ ಕೂತಿತು. ಮರುದಿನ ಟ್ರ್ಯಾಕ್ಟರು ಬಂದು ಎಳೆಯಿತು. ಆಮೇಲಿನ ಮಳೆಗಾಲಗಳಲ್ಲೆಲ್ಲ ಹಿಂದಿನ ಆಕ್ಸೆಲಿನ ಮೇಲೆ ನಾಲ್ಕು ಮರಳಿನ ಚೀಲ ಕಾಯಂ. ಪಿಕಪ್ ಇಟ್ಟುಕೊಂಡವರು ಇದೊಂದನ್ನು ಖಂಡಿತ ಮಾಡಿ.

ಫೋರ್ ವೀಲ್ ಡ್ರೈವ್ ಇರುವ ಪಿಕಪ್‌ಗಳೂ ಇವೆ. ವಿ-ಕ್ರಾಸ್, ಹಿಲಕ್ಸ್ ಹಾಗಿರಲಿ, ಕ್ಯಾಂಪರ್‌ನಲ್ಲೂ ಫೋರ್ ವೀಲ್ ಮಾದರಿ ಇದೆ. ಅದಿದ್ದರೆ ಮೇಲಿನ ಕಥೆಯ ಮುಕ್ಕಾಲು ಭಾಗ ಇರುವುದಿಲ್ಲ. ಆದರೂ ಉದ್ದ ಉದ್ದವೇ, ಬಾಲ ಬಾಲವೇ. ಜಿಮ್ನಿ ಹನ್ನೆರಡು ಕ್ವಿಂಟಲ್ ತೂಗುವ ಗಾಡಿ. ಅದರ 105 ಪಿಎಸ್ ಇಂಜಿನ್ ಕಂಡು ಮೂಗು ಮುರಿಯುವವರು ಅದು ಕೆಸರಿನ ಮೇಲೆ ಆಡಿನ ಹಾಗೆ ನಡೆಯುವುದನ್ನು ನೋಡಬೇಕು. ಹಗುರ ಗಾಡಿ ಹೂಳುವುದೂ ಕಡಿಮೆ, ಹೂತರೆ ನಾಲ್ಕು ಜನ ಎತ್ತಿ ತಳ್ಳಲೂ ಆಗುತ್ತದೆ. ಗೂರ್ಖಾಕ್ಕೆ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ (ಎಡಬಲದ ಚಕ್ರಗಳು ಒಟ್ಟಿಗೇ ತಿರುಗುವಂತೆ ಮಾಡುವ ಬೀಗ), ಮೂಗಿನಂತೆ ಮೇಲೆ ಎತ್ತಿದ ಗಾಳಿ ಕೊಳವೆ, 700 ಮಿ.ಮೀ. ನೀರಿನಲ್ಲಿ ನಡೆಯುವ ತಾಕತ್ತು ಎಲ್ಲ ಕಂಪನಿಯಿಂದಲೇ ಬರುತ್ತದೆ. ಜೋಯಿಡಾದ ಒಳಗೆ, ಸಂಕ (ಕಾಲುಸೇತುವೆ) ಬಿಟ್ಟರೆ ದಾರಿಯೇ ಇಲ್ಲದ ಕಡೆ ಮನೆ ಇರುವವರಿಗೆ ಅದು ಅತಿ ಅಲ್ಲ. ಶಿರಸಿ ಪೇಟೆಯಲ್ಲಿ ಇದ್ದುಕೊಂಡು ಅದನ್ನು ಇಟ್ಟರೆ ಅತಿ.

ಫೋರ್ ವೀಲ್ ಇದೆ ಅಂತ ಸದಾ ಹಾಕಿಕೊಂಡು ಓಡಿಸಬೇಡಿ. ಥಾರ್, ಜಿಮ್ನಿ, ಹಿಲಕ್ಸ್, ವಿ-ಕ್ರಾಸ್ ಎಲ್ಲದರಲ್ಲೂ ಇರುವುದು ಬೇಕಾದಾಗ ಮಾತ್ರ ಹಾಕುವ ವ್ಯವಸ್ಥೆ. ಮುಂದಿನ, ಹಿಂದಿನ ಚಕ್ರಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಭಾಗ ಅದರಲ್ಲಿಲ್ಲ. ಒಣ ಡಾಂಬರಿನಲ್ಲಿ ಹಾಕಿ ತಿರುವು ತಿರುಗಿಸಿದರೆ ಗೇರಿನ ಹಲ್ಲುಗಳು ಒಂದಕ್ಕೊಂದು ಹೊಸೆದುಕೊಳ್ಳುತ್ತವೆ. ಇಳಿಜಾರಿನಲ್ಲಿ ನಿಜವಾದ ಸುಖ ಇರುವುದು ಲೋ ಗೇರಿನಲ್ಲಿ. ಅದರ ಗುರುತು 4ಎಲ್. ಅದನ್ನು ಹಾಕಿ ಒಂದನೇ ಗೇರಿನಲ್ಲಿ ಬಿಟ್ಟರೆ ಬ್ರೇಕ್ ಮುಟ್ಟದೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಅಗಳದ ಸಂಜೆ ನನಗೆ ಬೇಕಾಗಿದ್ದು ಇದು.

ಟೈರಿನ ಬಗ್ಗೆ ಎರಡೇ ಮಾತು. ದೊಡ್ಡ ದೊಡ್ಡ ಹಲ್ಲು ಇರುವ ಕೆಸರಿನ ಟೈರು ಚಂದ ಕಾಣುತ್ತದೆ, ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ. ದೇವಿಮನೆ ಘಟ್ಟ ಇಳಿಯುವವರು ಡಾಂಬರಿಗೂ ಮಣ್ಣಿಗೂ ಆಗುವ ಎಟಿ ಟೈರು ಹಾಕಿಸಿ.

ನೀರಿನ ಬಗ್ಗೆ ಇನ್ನೂ ಕಡಿಮೆ. ಥಾರ್ 650, ಹಿಲಕ್ಸ್ 700 ಮಿ.ಮೀ. ಅಂತ ಕಂಪನಿ ಹೇಳುವುದು ನಿಂತ ನೀರಿಗೆ. ಹರಿಯುವ ಹಳ್ಳದಲ್ಲಿ ಎರಡಡಿ ನೀರು ಇಂಥ ಗಾಡಿಯನ್ನೂ ತೇಲಿಸಿಕೊಂಡು ಹೋಗಬಹುದು. ಮತ್ತೆ ಗುಡ್ಡ ಕುಸಿದರೆ ಫೋರ್ ವೀಲ್ ಏನೂ ಮಾಡಲಾರದು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂದಾಗ ಲಾರಿ, ಟ್ಯಾಂಕರುಗಳೇ ಗಂಗಾವಳಿ ಸೇರಿದವು. ಅಂಥ ವಾರ ಮನೆಯಲ್ಲಿರುವುದೇ ಸರಿ.

ಉಪ್ಪು

ಇದು ಘಟ್ಟದ ಕೆಳಗಿನವರ ಅಧ್ಯಾಯ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಗಾಳಿಯಲ್ಲೇ ಉಪ್ಪು. ಗಾಡಿಯ ಕೆಳಗೆ ತುಕ್ಕು ಶುರುವಾದದ್ದು ಮೇಲಿನಿಂದ ಕಾಣುವುದಿಲ್ಲ. ಮೀನಿನ ಗಾಡಿಗೆ ಇನ್ನೊಂದು ಕಾಟ, ಐಸು ಕರಗಿದ ಉಪ್ಪು ನೀರು ತೊಟ್ಟಿಯ ಸಂದಿನಿಂದ ಚಾಸಿಗೆ ಇಳಿಯುತ್ತದೆ. ಮೂವತ್ತು ಲಕ್ಷದ ಪಿಕಪ್ ತಂದು ಅದರಲ್ಲಿ ಬಂಗಡೆ ಕ್ರೇಟು ಹಾಕುವ ಧೈರ್ಯ ನಿಮಗಿದೆಯೇ? ನನ್ನ ಗೆಳೆಯನಿಗೆ ಇರಲಿಲ್ಲ. ಜೀಪಿನೊಳಗೆ ಹಾಕುವ ಮಾತಂತೂ ಆಡಲೇಬಾರದು.

ಹೊಸ ಗಾಡಿ ತಂದ ವಾರವೇ ಅಡಿಭಾಗಕ್ಕೆ ತುಕ್ಕು ನಿರೋಧಕ ಹೊಡೆಸಿ, ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಕೆಳಗಿನಿಂದ ತೊಳೆಯಿರಿ. ತೊಟ್ಟಿಗೆ ರಬ್ಬರು ಅಥವಾ ಪ್ಲಾಸ್ಟಿಕ್ ಹಾಸು ಹಾಕಿಸುವುದು ಖರ್ಚಲ್ಲ, ಉಳಿತಾಯ. ಇನ್ನು ಫೋರ್ ಬೈ ಫೋರ್ ಬಂತು ಅಂತ ಮಾಜಾಳಿಯಲ್ಲೋ ಹೊನ್ನಾವರದಲ್ಲೋ ಮರಳಿನ ಮೇಲೆ ಓಡಿಸಲು ಹೊರಡುವವರಿದ್ದಾರೆ. ಬೇಡ. ಕಡಲಾಮೆ ಮೊಟ್ಟೆ ಇಡುವ ಜಾಗ ಅದು. ಅದೂ ಸಾಲದು ಅಂದರೆ, ಹಿಮ್ಮುಖ ಅಲೆ ಚಕ್ರದ ಕೆಳಗಿನ ಮರಳು ಎಳೆದುಕೊಂಡಾಗ ಯಾವ ಲಾಕೂ ಕೆಲಸಕ್ಕೆ ಬರುವುದಿಲ್ಲ.

ಬೋರ್ಡಿನ ಬಣ್ಣ

ಹಳದಿ ಬೋರ್ಡು ಅಂದರೆ ಜನ ಹೆದರುತ್ತಾರೆ. ಅಷ್ಟೇನೂ ಇಲ್ಲ. ಒಟ್ಟು ತೂಕ 3000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ಕಾರಿನ ಎಲ್‌ಎಂವಿ (ಹಗುರ ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎನ್ನುವುದನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಖಚಿತ ಮಾಡಿದೆ. 7500 ಕೆಜಿ ಒಳಗಿನ ಗಾಡಿಗೆ ಅದು ಸಾಕು. ತಲೆಬಿಸಿ ಇರುವುದು ಗಾಡಿ ತಪಾಸಣೆ ಮಾಡಿಸಿ ತೆಗೆಯುವ ಫಿಟ್‌ನೆಸ್‌ ಪತ್ರದಲ್ಲಿ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡಿಗೆ ಹದಿನೈದು ವರ್ಷ ಆ ಚಿಂತೆಯಿಲ್ಲ.

ದುಡ್ಡಿನ ಲೆಕ್ಕದಲ್ಲಿ ಹಳದಿಯೇ ಗೆಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ದೊಡ್ಡ ಎಸ್‌ಯುವಿಗಳಿಗೆ 40. ಜಿಮ್ನಿ ನಾಲ್ಕು ಮೀಟರಿನ ಒಳಗಿದ್ದರೂ ಅದರ ಪೆಟ್ರೋಲ್ ಇಂಜಿನ್ 1200 ಸಿಸಿ ದಾಟುವುದರಿಂದ 18ರ ಸಾಲಿಗೆ ಬರುವುದಿಲ್ಲ. ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, ಹತ್ತು ಲಕ್ಷ ದಾಟಿದ ಕಾರಿಗೆ 17 ಪರ್ಸೆಂಟ್, ಇಪ್ಪತ್ತು ದಾಟಿದರೆ 18, ಅದರ ಮೇಲೆ ಸೆಸ್. ಶೋರೂಮ್ ಬೆಲೆ ನೋಡಿ ಖುಷಿಪಡಬೇಡಿ, ಕೆಎ 30ರ (ಕಾರವಾರ) ಅಥವಾ ಕೆಎ 31ರ (ಶಿರಸಿ) ಆನ್ ರೋಡ್ ಬೆಲೆಯನ್ನೇ ಬರೆಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಸರಕು ಗಾಡಿಗೆ ಕೊಟ್ಟ ತೆರಿಗೆಯನ್ನು ವಾಪಸ್ ಹೊಂದಿಸಿಕೊಳ್ಳಬಹುದು. ಸ್ವಂತಕ್ಕೆ ಓಡಿಸುವ ಜೀಪಿಗೆ ಆ ಸೌಲಭ್ಯ ಇಲ್ಲ.

ಒಂದು ವಿಷಯ ಮಾತ್ರ ತಮಾಷೆಯಲ್ಲ. ಕೊನೆ ಕೊಯ್ಲಿನ ದಿನ ಆಳುಗಳನ್ನು ಪಿಕಪ್ಪಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ನಾನೂ ಮಾಡಿದ್ದೇನೆ. ಸರಕು ಗಾಡಿಯ ಹಿಂದೆ ಜನ ಕೂರಿಸುವುದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಹತ್ತಿರ ಘಟ್ಟದಲ್ಲಿ ಮಗುಚಿ, ಚೀಲಗಳ ಮೇಲೆ ಕೂತಿದ್ದ ವ್ಯಾಪಾರಿಗಳು ಸತ್ತರು. ಆ ಸುದ್ದಿ ಓದಿದ ಮೇಲೆ ನಾನು ಒಬ್ಬರನ್ನೂ ತೊಟ್ಟಿಗೆ ಹತ್ತಿಸಿಲ್ಲ. ಆಳುಗಳನ್ನೂ ಸಾಮಾನನ್ನೂ ಒಂದೇ ಗಾಡಿಯಲ್ಲಿ ತರಬೇಕು ಅಂದರೆ ಡಬಲ್ ಕ್ಯಾಬೇ ಬೇಕು, ಬೇರೆ ದಾರಿ ಇಲ್ಲ.

ಹಾಗೇ ಡೀಸೆಲ್ಲಿನ ಒಂದು ಕಿರಿಕಿರಿ. ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಆ ಮಸಿ ಸುಟ್ಟುಹೋಗಲು ಆಗಾಗ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು. ಮನೆಯಿಂದ ಪೇಟೆ ಆರು ಕಿ.ಮೀ., ಪೇಟೆಯಿಂದ ಮನೆ ಆರು ಕಿ.ಮೀ. ಅಂತ ಓಡಾಡುವವರಿಗೆ ಅದು ಕಟ್ಟಿಕೊಂಡು ದೀಪ ಹತ್ತುತ್ತದೆ. ಅಂಥವರು ಪೆಟ್ರೋಲ್ ನೋಡಿ. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗುವವರಿಗೆ ಡೀಸೆಲ್ಲೇ ಸರಿ. ಸರ್ವಿಸ್ ಎಲ್ಲಿ ಅಂತಲೂ ಕೇಳಿ. ಒಂದು ಫಿಲ್ಟರಿಗಾಗಿ ನೂರು ಕಿ.ಮೀ. ಹೋಗಬೇಕು ಅಂದರೆ ದಿನ ಹಾಳು.

ಹಾಗಾದರೆ ಯಾರಿಗೆ ಯಾವುದು?

ಸಣ್ಣ ತೋಟ, ಕಿರಿದಾದ ಇಳಿಜಾರು ದಾರಿ, ಮನೆಯಲ್ಲಿ ನಾಲ್ಕು ಜನ ಇದ್ದರೆ ಚಿಕ್ಕ ಫೋರ್ ವೀಲ್ ಜೀಪು ತಗೊಂಡು ಹೊರೆಗೆ ಬಾಡಿಗೆ ಗಾಡಿ ಕರೆಯಿರಿ. ದಿನವೂ ಹೊರೆ, ದಾರಿ ಸಮ ಇದ್ದರೆ ಹಳದಿ ಬೋರ್ಡಿನ ಸಾದಾ ಪಿಕಪ್, ಫೋರ್ ವೀಲ್ ಇಲ್ಲದ್ದೇ ಸಾಕು. ಹತ್ತಾರು ಎಕರೆ ತೋಟ, ಕೆಲಸದವರನ್ನೂ ಸಾಮಾನನ್ನೂ ಒಟ್ಟಿಗೆ ಸಾಗಿಸಬೇಕು, ಗಾಡಿಯ ಚಂದದ ಚಿಂತೆ ಇಲ್ಲ ಅಂದರೆ ಫೋರ್ ವೀಲ್ ಕ್ಯಾಂಪರ್. ಅದರ ಹಿಂದಿನ ಸೀಟು ಶಾಲೆಯ ಬೆಂಚಿನ ಹಾಗಿದೆ, ಬೆಂಗಳೂರಿಗೆ ಮಾತ್ರ ಅದರಲ್ಲಿ ಹೋಗಬೇಡಿ.

ಹಿಲಕ್ಸ್, ವಿ-ಕ್ರಾಸ್ ಯಾರಿಗೂ ಬೇಡವಾ? ಬೇಕು. ಜೋಯಿಡಾ ಕಡೆ ಹೋಮ್‌ಸ್ಟೇ ನಡೆಸುವ ಪರಿಚಯದವರೊಬ್ಬರಿದ್ದಾರೆ. ಅಂಗಳ ವಿಶಾಲ, ದಾರಿ ಕೆಟ್ಟದ್ದು ಆದರೆ ಅಗಲ. ಬೆಳಗಾವಿಯಿಂದ ಗ್ಯಾಸು, ಹಾಸಿಗೆ, ಕಿರಾಣಿ ತರುತ್ತಾರೆ, ಅದೇ ಗಾಡಿಯಲ್ಲಿ ಮನೆಯವರೆಲ್ಲ ಮದುವೆಗೆ ಹೋಗುತ್ತಾರೆ. ಒಂದೇ ಗಾಡಿಯಲ್ಲಿ ಎಲ್ಲ ಆಗಬೇಕು, ದುಡ್ಡಿನ ಅಡ್ಡಿ ಇಲ್ಲ. ಅವರಿಗೆ ಅದು ಹೇಳಿ ಮಾಡಿಸಿದ್ದು. ಅತಿಥಿಗಳಿಂದ ದುಡ್ಡು ತಗೊಂಡು ಬಿಳಿ ಬೋರ್ಡಿನಲ್ಲಿ ಸುತ್ತಾಡಿಸುವ ಹಾಗಿಲ್ಲ ಅಂತ ಮಾತ್ರ ನೆನಪಿಸಿ ಬಂದೆ. ಇನ್ನು ಪೇಟೆಯಲ್ಲೇ ಇದ್ದು, ತೋಟ ಇಲ್ಲದೆ, ಬರೀ ಗತ್ತಿಗೆ ತಗೊಳ್ಳುವವರಿಗೆ ನಾನೇನೂ ಹೇಳುವುದಿಲ್ಲ. ಅವರು ಕೇಳುವುದೂ ಇಲ್ಲ.

ನಾನು ಜಿಮ್ನಿ ತಂದೆ. ಗೆಳೆಯ ಹಳದಿ ಬೋರ್ಡಿನ ಸಾದಾ ಪಿಕಪ್ ತಂದ, ಮನೆಯವರಿಗೆ ಹಳೇ ಕಾರನ್ನೇ ಇಟ್ಟುಕೊಂಡ. ಮೊನ್ನೆ ಹುಬ್ಬಳ್ಳಿಗೆ ಮೀನು ಇಳಿಸಿ ವಾಪಸ್ ಹೋಗುವಾಗ ನಮ್ಮಲ್ಲಿಗೆ ಬಂದಿದ್ದ, ಖಾಲಿ ಗಾಡಿಯಲ್ಲಿ. ಬಾಳೆಗೊನೆ ಎರಡು ಒಯ್ಯುತ್ತೇನೆ, ಅಂಗಳಕ್ಕೇ ತರ್ತೀನಿ ಅಂದ. ನಾನು ಮೇಲೆ ಡಾಂಬರಿನಲ್ಲೇ ನಿಲ್ಲಿಸಲು ಹೇಳಿ ಗೊನೆಗಳನ್ನು ಜಿಮ್ನಿಯಲ್ಲಿ ಹಾಕಿಕೊಂಡು ಹತ್ತಿದೆ. ಇಳಿಜಾರು ಒದ್ದೆಯಾಗಿತ್ತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವನಿಗೆ ನಮ್ಮಮ್ಮನೇ, ಮೂಗಿಗೆ ಸೆರಗು ಹಿಡಿದುಕೊಂಡು, ಹೇಳಿದರು.